ವ್ಯಾನಕ್ಕ ಬಿದ್ದ ಮದುವೆ

ವ್ಯಾನಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಈಗ ಅವಳ ಲೈಸೆನ್ಸಿನಲ್ಲಿ ಮಾತ್ರ ಉಳಿದಿದೆ. ಬಡಾವಣೆಯ ಮಕ್ಕಳನ್ನು ಶಾಲೆಗೆ ಕರೆದೊಯ್ದು ಸಂಜೆ ಅವರವರ ಬಾಗಿಲಿಗೆ ಇಳಿಸುವುದು ಅವಳ ಕೆಲಸ. ಮಕ್ಕಳು ಕರೆದದ್ದೇ ದೊಡ್ಡವರ ಬಾಯಲ್ಲೂ ನಿಂತಿತು. ಎದುರಿಗೆ ಬಂದ ಲಾರಿಯವನನ್ನು ಬೈದು ಹಿಂದಕ್ಕೆ ಕಳಿಸುವ ಗಟ್ಟಿಗಿತ್ತಿ ಅವಳು. ಅಂಥವಳು ಗೆಳತಿ ಗುಬ್ಬಿಯ ಮದುವೆಯ ಬೆಳಿಗ್ಗೆ, ಇನ್ನೂ ಕುರ್ಚಿ ಹಾಕಿರದ ಸಭಾಂಗಣದಲ್ಲಿ ನಿಂತು, ವೇದಿಕೆಯ ಮೇಲೆ ಮಿಣಮಿಣ ಮಿಟುಕುತ್ತಿದ್ದ ಒಂದು ಟ್ಯೂಬ್‌ಲೈಟು ನೋಡಿ ಬೆವರುತ್ತಿದ್ದಳು.

"ಅದನ್ನ ಆರಿಸಿ," ಅಂದಳು ಮ್ಯಾನೇಜರಿಗೆ.

"ಏನಮ್ಮಾ, ಮದುಮಗಳಿಗಿಂತ ನಿಮ್ದೇ ಜೋರಾಯ್ತಲ್ಲ! ಒಂದು ಲೈಟು ಮಿಟುಕಿದ್ರೆ ಮದುವೆ ನಿಂತೋಗುತ್ತಾ?"

ನಿಂತರೂ ನಿಲ್ಲಬಹುದು ಎಂದು ಅವನಿಗೆ ಹೇಳುವ ಹಾಗಿರಲಿಲ್ಲ. ತಾನೇ ಸ್ಟೂಲು ಎಳೆದು, ಹತ್ತಿ, ಸ್ಟಾರ್ಟರನ್ನು ತಿರುವಿ ಕಿತ್ತು ಅವನ ಕೈಗಿಟ್ಟಳು.

ಗುಬ್ಬಿಗೆ ಫಿಟ್ಸ್ ಇತ್ತು, ಮಿಟುಕುವ ಬೆಳಕು ಅದನ್ನು ಕೆರಳಿಸುತ್ತಿತ್ತು. ಅದು ಗೊತ್ತಿದ್ದದ್ದು ಅವಳ ಅಮ್ಮನಿಗೆ, ಡಾಕ್ಟರಿಗೆ, ಮತ್ತು ಹುಡುಗಿಯರಾಗಿದ್ದಾಗಿನಿಂದ ಅವಳಿಗೆ ಅಂಟಿಕೊಂಡೇ ಬೆಳೆದ ವ್ಯಾನಕ್ಕನಿಗೆ. ಮೊದಲು ಎಡಗೈಯ ಹೆಬ್ಬೆರಳು ಮುಷ್ಟಿಯೊಳಗೆ ಸೇರುತ್ತದೆ. ಆಮೇಲೆ ಕಣ್ಣು ಒಂದೇ ಕಡೆ ನೆಟ್ಟು, ಬಾಯಿ ಇಲ್ಲದ್ದನ್ನು ಅಗಿಯತೊಡಗುತ್ತದೆ. ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ. ಮುಗಿಯದಿದ್ದರೆ ಗುಬ್ಬಿ ನೆಲಕ್ಕೆ ಬೀಳುತ್ತಾಳೆ.

ಗಂಡಿನ ಕಡೆಯವರಿಗೆ ಇದ್ಯಾವುದನ್ನೂ ಹೇಳಿರಲಿಲ್ಲ. ಹಿಂದೆ ಒಂದು ಸಂಬಂಧ ಬಂದಾಗ ಹೇಳಿ ನೋಡಿದ್ದರು. ಬಂದವರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋಗಿದ್ದರು. "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾವು ಒಂದೂ ಸುಳ್ಳು ಹೇಳಿಲ್ವಲ್ಲ, ಬಾಯಿ ಮುಚ್ಕೊಂಡಿದ್ದೀವಿ ಅಷ್ಟೆ," ಎನ್ನುವುದು ಗುಬ್ಬಿಯ ಅಮ್ಮನ ಲೆಕ್ಕಾಚಾರ. ಹುಡುಗ ಸಣ್ಣದೊಂದು ಮುದ್ರಣಾಲಯ ಇಟ್ಟುಕೊಂಡವನು, ಮೃದು ಸ್ವಭಾವದವನು. ಭಯವೆಲ್ಲ ಇದ್ದದ್ದು ಅವನನ್ನು ಸಾಕಿದ ದೊಡ್ಡತ್ತೆಯ ಬಗ್ಗೆ. ಆಕೆ ಒಂದು ಬದನೆಕಾಯಿ ಕೊಳ್ಳಬೇಕಾದರೂ ಹತ್ತು ಸಲ ತಿರುಗಿಸಿ ನೋಡುವ ಪೈಕಿ.

ಅಲಂಕಾರದ ಕೋಣೆಯಲ್ಲಿ ಕೂದಲಿಗೆ ಪಿನ್ನು ಸಿಕ್ಕಿಸುತ್ತಾ ವ್ಯಾನಕ್ಕ ಪಿಸುಗುಟ್ಟಿದಳು, "ರಾತ್ರಿ ಮಾತ್ರೆ ತಗೊಂಡ್ಯಾ?"

ಗುಬ್ಬಿ ಕನ್ನಡಿಯಲ್ಲೇ ಕಣ್ಣು ತಪ್ಪಿಸಿದಳು. "ಬೆಳಿಗ್ಗೆ ಮುಖ ಊದ್ಕೊಳ್ಳುತ್ತೆ ಕಣೆ. ಫೋಟೋದಲ್ಲಿ ಚೆನ್ನಾಗಿ ಕಾಣ್ಬೇಕು ಅಂತ ಬಿಟ್ಟೆ. ಒಂದಿನ ತಾನೇ?"

ವ್ಯಾನಕ್ಕ ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡು, ಪರ್ಸಿನಿಂದ ಬೆಳಗಿನ ಮಾತ್ರೆಯನ್ನು ತೆಗೆದು ನುಂಗಿಸಿದಳು. ಆದರೆ ಮಾತ್ರೆಯೇನು ಸ್ವಿಚ್ಚೇ, ಒತ್ತಿದ ಕೂಡಲೇ ಕೆಲಸ ಮಾಡಲು?

ಮದುವೆ ರಿಜಿಸ್ಟರಿನಲ್ಲಿ ಸಹಿಯಾಯಿತು, ಚಪ್ಪಾಳೆಯಾಯಿತು. ಮದುಮಕ್ಕಳನ್ನು ಸೋಫಾದ ಮೇಲೆ ಕೂರಿಸಿ ಜನ ಸಾಲುಗಟ್ಟಿದರು. ವ್ಯಾನಕ್ಕ ಸೋಫಾದ ಪಕ್ಕದಲ್ಲೇ ಬೇರು ಬಿಟ್ಟಳು. ಬಂದವರೆಲ್ಲ ಮದುಮಗಳ ಮುಖ ನೋಡುತ್ತಿದ್ದರೆ ಅವಳ ಕಣ್ಣು ಆ ಹೆಬ್ಬೆರಳ ಮೇಲೆ. ಕ್ಯಾಮೆರಾ ಫಳ್ಳೆಂದಾಗಲೆಲ್ಲ ಬಗ್ಗಿ ಅದನ್ನು ಮತ್ತೊಮ್ಮೆ ನೋಡುತ್ತಿದ್ದಳು.

"ಸ್ವಲ್ಪ ನಗಿ ಮೇಡಂ," ಫೋಟೋದವನು ಕೂಗಿದ. "ಮದುವೆ ಮನೆ ಇದು, ಪರೀಕ್ಷೆ ಹಾಲಲ್ಲ."

ನಗಲು ಹೋದಳು. ಅಷ್ಟರಲ್ಲಿ ಗುಬ್ಬಿಯ ಹೆಬ್ಬೆರಳು ಮುಷ್ಟಿಯೊಳಗೆ ಹೋಯಿತು.

ಮದುಮಗ ತನ್ನ ಪ್ರೆಸ್ಸಿನ ಹುಡುಗರನ್ನು ಮಾತಾಡಿಸಲು ವೇದಿಕೆಯ ಅಂಚಿಗೆ ಹೋಗಿದ್ದ. ದೊಡ್ಡತ್ತೆ ನಾಲ್ಕು ಜನ ನೆಂಟರನ್ನು ಹಿಂದಿಟ್ಟುಕೊಂಡು, "ಬನ್ನಿ, ನಮ್ಮ ಸೊಸೆನ ನೋಡಿ," ಎನ್ನುತ್ತಾ ಮೆಟ್ಟಿಲು ಹತ್ತುತ್ತಿದ್ದಳು. ಗುಬ್ಬಿಯ ಕಣ್ಣು ಆಗಲೇ ನೆಟ್ಟಿತ್ತು. ತುಟಿ ಅಲ್ಲಾಡತೊಡಗಿತ್ತು.

ವ್ಯಾನಕ್ಕ ಯೋಚಿಸಲಿಲ್ಲ. ಜ್ಯೂಸು ಹಂಚುತ್ತಿದ್ದವನ ಕೈಯಿಂದ ತಟ್ಟೆ ಕಿತ್ತುಕೊಂಡು, ದೊಡ್ಡತ್ತೆಗೆ ಎದುರಾಗಿ ಮೆಟ್ಟಿಲಿಳಿಯುವವಳಂತೆ ಹೆಜ್ಜೆ ಇಟ್ಟು, ಬಿದ್ದಳು. ಲೋಟಗಳು ಚೂರಾದವು. ಮೊಣಕೈ ನಿಜವಾಗಿಯೇ ತರಚಿತು. ಇಡೀ ಸಭೆ ಇತ್ತ ತಿರುಗಿತು, ಕ್ಯಾಮೆರಾ ಸಮೇತ.

ಆದರೆ ಎಡವಿ ಬಿದ್ದವಳನ್ನು ಎತ್ತಿ ನಿಲ್ಲಿಸಲು ಎಷ್ಟು ಹೊತ್ತು ಬೇಕು? ಆಗಲೇ ಯಾರೋ ರಟ್ಟೆ ಹಿಡಿದಿದ್ದರು. ಗುಬ್ಬಿಗೆ ಇನ್ನೂ ಸಮಯ ಬೇಕಿತ್ತು. ವ್ಯಾನಕ್ಕ ಕಣ್ಣು ಮೇಲಕ್ಕೆ ಸಿಕ್ಕಿಸಿಕೊಂಡು, ಗುಬ್ಬಿಯಲ್ಲಿ ತಾನು ಕಂಡಿದ್ದಂತೆಯೇ ಕೈಕಾಲು ಸೆಟೆದುಕೊಂಡು ನಡುಗತೊಡಗಿದಳು.

"ಅಯ್ಯೋ, ಫಿಟ್ಸು! ಚಮಚ ತನ್ನಿ, ಬಾಯಿಗೆ ಇಡ್ಬೇಕು!" ದೊಡ್ಡತ್ತೆ ಕಿರುಚಿದಳು.

ವ್ಯಾನಕ್ಕ ಹಲ್ಲು ಕಚ್ಚಿ ಹಿಡಿದಳು. ಜನರ ಕಾಲುಗಳ ಸಂದಿಯಿಂದ ಸೋಫಾದ ಒಂದು ತುದಿ ಕಾಣುತ್ತಿತ್ತು. ಮುಷ್ಟಿ ಬಿಗಿದೇ ಇತ್ತು. ಬಿಡು ಗುಬ್ಬಿ, ಬಿಡೇ ಮಾರಾಯ್ತಿ ಎಂದು ಒಳಗೊಳಗೇ ಬೇಡಿಕೊಂಡಳು. ಜೀವಮಾನದಲ್ಲಿ ಅವಳು ಅಷ್ಟು ಹೆದರಿದ್ದೇ ಇಲ್ಲ. ಕೊನೆಗೆ ಆ ಬೆರಳುಗಳು ಒಂದೊಂದಾಗಿ ಸಡಿಲಿದವು. ಆಗ ವ್ಯಾನಕ್ಕ ನಡುಗುವುದನ್ನು ನಿಲ್ಲಿಸಿದಳು.

ಅವಳನ್ನು ಅಲಂಕಾರದ ಕೋಣೆಗೆ ಹೊತ್ತು ತಂದು ಮಲಗಿಸಿದರು. ದೊಡ್ಡತ್ತೆಯೇ ಪಕ್ಕದಲ್ಲಿ ಕೂತು ಮುಖ ಒರೆಸಿದಳು. ಒರೆಸುವ ಕೈ ಮೆತ್ತಗಿತ್ತು, ಮಾತು ಹಾಗಿರಲಿಲ್ಲ.

"ಎಷ್ಟು ದಿನದಿಂದ ಇದೆಯಮ್ಮಾ ಇದು?"

"ಚಿಕ್ಕವಳಿದ್ದಾಗಿಂದ," ಎಂದಳು ವ್ಯಾನಕ್ಕ.

ಅಷ್ಟರಲ್ಲಿ ಗುಬ್ಬಿ ಬಾಗಿಲಲ್ಲಿ ಕಾಣಿಸಿಕೊಂಡಳು. ಮುಖ ಬಿಳಚಿತ್ತು. ಹಿಂದೆಯೇ ಮದುಮಗನೂ ಬಂದ.

"ಪಾಪದ ಹುಡುಗಿ," ದೊಡ್ಡತ್ತೆ ಅವನಿಗೆ ಹೇಳಿದಳು. "ಸದ್ಯ, ನಾವು ಮನೆ ತುಂಬಿಸ್ಕೊಂಡಿದ್ದು ಇವಳನ್ನಲ್ಲ. ಅಲ್ಲಾ ಕಣಮ್ಮಾ, ಈ ಕಾಯಿಲೆ ಇಟ್ಕೊಂಡು ಮಕ್ಕಳ ವ್ಯಾನು ಓಡಿಸ್ತೀಯಲ್ಲ, ನಿನ್ನ ಧೈರ್ಯಕ್ಕೆ ಏನನ್ನಬೇಕು? ನನ್ನ ತಂಗಿ ಮೊಮ್ಮಗಳೂ ಅದ್ರಲ್ಲೇ ಹೋಗೋದು. ನಾಳೆಯಿಂದ ಕಳ್ಸೋದು ಬೇಡ ಅಂತ ಈಗ್ಲೇ ಹೇಳ್ತೀನಿ. ಬೇರೆ ತಾಯಂದಿರಿಗೂ ಹೇಳ್ಬೇಕು."

ಬೀಳುವಾಗ ವ್ಯಾನಕ್ಕನಿಗೆ ವ್ಯಾನಿನ ನೆನಪೇ ಬಂದಿರಲಿಲ್ಲ. ಈಗ ಬಂತು. ಆದರೂ ಅವಳು ಗುಬ್ಬಿಯತ್ತ ನೋಡಿ, ಸುಮ್ನಿರು ಎಂಬಂತೆ ತಲೆಯಾಡಿಸಿದಳು.

ಗುಬ್ಬಿ ಸುಮ್ಮನಿರಲಿಲ್ಲ. ಗಂಡನ ಕಡೆ ತಿರುಗಿದಳು.

"ಬಿದ್ದಿದ್ದು ಅವಳು. ಕಾಯಿಲೆ ನಂದು."

ದೊಡ್ಡತ್ತೆಯ ಕೈಯಲ್ಲಿದ್ದ ಒದ್ದೆ ಬಟ್ಟೆ ವ್ಯಾನಕ್ಕನ ಹಣೆಯ ಮೇಲೆ ನಿಂತೇ ಬಿಟ್ಟಿತು. ಗುಬ್ಬಿ ಎಲ್ಲವನ್ನೂ ಹೇಳಿದಳು, ಬಿಟ್ಟ ಮಾತ್ರೆಯನ್ನೂ ಬಿಡದೆ. ವ್ಯಾನಕ್ಕ ಇಷ್ಟು ಹೊತ್ತು ಆ ಹೆಬ್ಬೆರಳನ್ನು ನೋಡಿದ್ದಂತೆ ಈಗ ಮದುಮಗನ ಮುಖವನ್ನು ನೋಡುತ್ತಿದ್ದಳು. ಅದು ಕೆಂಪಾಯಿತು, ಆಮೇಲೆ ಸಪ್ಪಗಾಯಿತು.

"ಇವ್ರಿಗೆ ಗೊತ್ತು," ಎಂದ ಅವನು ಕೊನೆಗೆ, ವ್ಯಾನಕ್ಕನತ್ತ ಕೈ ತೋರಿ. "ನನಗೆ ಗೊತ್ತಿಲ್ಲ."

"ಏನೋ ಇದು? ಇಂಥ ಮೋಸನಾ?" ದೊಡ್ಡತ್ತೆ ಎದ್ದಳು. "ಈಗ್ಲೇ ಇವಳ ಅಮ್ಮನ್ನ ಕರೆಸ್ತೀನಿ!"

"ಅತ್ತೆ, ಸ್ವಲ್ಪ ಹೊತ್ತು ಹೊರಗಿರಿ."

ಹುಟ್ಟಿದಾಗಿನಿಂದ ಅವನು ಆಕೆಗೆ ಎದುರು ಆಡಿದವನಲ್ಲ. ಆಕೆ ಒದ್ದೆ ಬಟ್ಟೆಯನ್ನು ಅಲ್ಲೇ ಬಿಟ್ಟು ಹೊರಗೆ ಹೋದಳು. ಅವನು ಕುರ್ಚಿ ಎಳೆದು ಕೂತ. ಗುಬ್ಬಿಯನ್ನು ಇನ್ನೂ ನೋಡಲಾರದೆ ವ್ಯಾನಕ್ಕನನ್ನು ಕೇಳಿದ:

"ರಾತ್ರಿ ಮನೇಲಿ ಬಂದ್ರೆ ನಾನೇನ್ ಮಾಡ್ಬೇಕು? ತೋರಿಸಿ."

ವ್ಯಾನಕ್ಕ ಎದ್ದು ಕೂತು ಹೇಳಿದಳು: ಬಾಯಿಗೆ ಏನೂ ಇಡಬಾರದು, ಅದುಮಿ ಹಿಡಿಯಬಾರದು, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು ಹೀಗೆ ಒಂದು ಮಗ್ಗುಲಿಗೆ ಮಲಗಿಸಬೇಕು, ಗಡಿಯಾರ ನೋಡುತ್ತಿರಬೇಕು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ. ಗುಬ್ಬಿಯನ್ನು ಮಂಚದ ಮೇಲೆ ಮಲಗಿಸಿ ತೋರಿಸಿದಳು. ಆಮೇಲೆ ಜಾಗ ಬಿಟ್ಟುಕೊಟ್ಟಳು.

ಅವನು ತಲೆಯ ಕೆಳಗೆ ಏನೂ ಇಡದೆಯೇ ಮಗ್ಗುಲು ತಿರುಗಿಸಿದ.

"ಹಾಗಲ್ಲ," ಎಂದಳು ವ್ಯಾನಕ್ಕ. "ಇನ್ನೊಂದ್ಸಲ ಮಾಡಿ."