ನಲವತ್ತೊಂದು ಮನೆಗಳ ಪಾಸ್‌ವರ್ಡ್

ಮಗುವಿನ ಜ್ವರ ಇಳಿದಿತ್ತು. ಆದರೂ ಅವಳಿಗೆ ನೆಮ್ಮದಿಯಿರಲಿಲ್ಲ. ತನ್ನ ತಪ್ಪಿಗೆ ಆಫೀಸಿನ ಲೈನ್‌ಮನ್ ಅಣ್ಣನ ಕೆಲಸ ಹೋದರೆ? ಅದೊಂದೇ ಯೋಚನೆ ತಲೆ ಕೊರೆಯುತ್ತಿತ್ತು.

ಬ್ರಾಡ್‌ಬ್ಯಾಂಡ್ ಕಂಪನಿಯಲ್ಲಿ ಆರು ವರ್ಷದಿಂದ ಅವಳದು ಒಂದೇ ಕುರ್ಚಿ. ಗಿರಾಕಿಗಳ ಮೋಡೆಮ್‌ಗಳೆಲ್ಲ ಅವಳ ಪರದೆಯ ಮೇಲೆ ಹಸಿರು, ಕೆಂಪು ಚುಕ್ಕಿಗಳು. ಯಾರ ಹೊಸಿಲನ್ನೂ ತುಳಿಯದೆ ಕೂತಲ್ಲಿಂದಲೇ ಹೊಸ ಮೋಡೆಮ್ ಚಾಲೂ ಮಾಡುತ್ತಿದ್ದಳು, ಹಟ ಹಿಡಿದದ್ದನ್ನು ದಾರಿಗೆ ತರುತ್ತಿದ್ದಳು. ಕೈ ಎಷ್ಟು ಪಳಗಿತ್ತೆಂದರೆ, ಸಾಫ್ಟ್‌ವೇರ್ 'ಖಚಿತವೇ?' ಎಂದು ಕೇಳಿದರೆ ಓದದೆಯೇ ಒತ್ತಿಬಿಡುತ್ತಿದ್ದಳು.

ಮಂಗಳವಾರ ಒಂದೇ ಒಂದು ಮನೆಯ ಮೋಡೆಮ್ ರೀಸೆಟ್ ಮಾಡಬೇಕಿತ್ತು. ಅಷ್ಟರಲ್ಲಿ ಶಿಶುವಿಹಾರದ ಆಯಾ ಫೋನ್ ಮಾಡಿದಳು. "ಪಾಪು ಮೈ ಕಾದ ಹೆಂಚಾಗಿದೆ, ಬೇಗ ಬನ್ನಿ." ಅವಳು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೇ ಟಿಕ್ ಹಾಕಿದಳು. ಅದು ಬಿದ್ದದ್ದು ಆ ಮನೆಯ ಮುಂದಲ್ಲ, ಮೇಲಿನ ಸಾಲಿನಲ್ಲಿದ್ದ ಇಡೀ ರಸ್ತೆಯ ಮುಂದೆ. ಒತ್ತಿದಳು, ಬ್ಯಾಗು ಹಿಡಿದು ಓಡಿದಳು. ನಲವತ್ತೊಂದು ಮನೆಗಳ ಮೋಡೆಮ್‌ಗಳು ಹೆಸರು, ಪಾಸ್‌ವರ್ಡ್ ಎಲ್ಲ ಮರೆತು ಕೂತವು.

ಅದೇ ಬೆಳಿಗ್ಗೆ ಲೈನ್‌ಮನ್ ಆ ರಸ್ತೆಯ ಕೇಬಲ್ ಪೆಟ್ಟಿಗೆ ತೆರೆದಿದ್ದ. ಜನ ಕಂಡಿದ್ದರು. ಅವನೇ ಏನೋ ಕಿತ್ತಿರಬೇಕೆಂದು ಮ್ಯಾನೇಜರಿಗೆ ದೂರು ಹೋಯಿತು. ಬುಧವಾರ ಸಾಫ್ಟ್‌ವೇರಿನ ಪಟ್ಟಿಯಲ್ಲಿ ತನ್ನ ಹೆಸರು ಕಂಡಾಗಲೇ ಅವಳಿಗೆ ನಿಜ ತಿಳಿದದ್ದು.

ಗುರುವಾರ ಅವನು ಅವಳ ಮೇಜಿನ ಬಳಿ ಬಂದ.

"ಏನ್ ತಂಗಿ, ಪಾಪು ಹೇಗಿದೆ?"

"ಹುಷಾರಾಗಿದೆ ಅಣ್ಣ."

"ಈಗ ಜ್ವರ ಬಂದಿರೋದು ನನ್ನ ಮಂಡಿಗೆ. ಪಾಸ್‌ವರ್ಡ್ ಮತ್ತೆ ಹಾಕಿಕೊಡೋಕೆ ನಲವತ್ತೊಂದು ಮನೆ ಮೆಟ್ಟಿಲು ಹತ್ತಿದೀನಿ. ಒಬ್ಬರು ಅಜ್ಜಿ, 'ಪಾಸ್‌ವರ್ಡ್ ಕದ್ದೋನು ನೀನೇ ತಾನೇ, ವಾಪಸ್ ಇಟ್ಟು ಹೋಗಪ್ಪ' ಅಂದ್ರು." ನಗುತ್ತಲೇ ಮಂಡಿ ನೀವಿಕೊಂಡ. "ನಾಳೆ ಮ್ಯಾನೇಜರು ಕರೆದಿದಾರೆ. ನಾನೇ ಏನೋ ಮುಟ್ಟಿದ್ನೇನೋ ಅಂತ ನನಗೇ ಅನುಮಾನ ಶುರುವಾಗಿದೆ ನೋಡು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಈ ಮಾತಿಗೆ ಅವಳ ತಲೆ ಮೇಲೇಳಲಿಲ್ಲ. ಬಾಯಿಯವರೆಗೆ ಬಂದ ನಿಜವನ್ನು ನೀರು ಕುಡಿದು ನುಂಗಿಕೊಂಡಳು.

ಮನೆಯಲ್ಲಿ ಎಲ್ಲ ಕೇಳಿದ ಗಂಡ ಹೇಳಿದ: "ಯಾರು ಯಾವಾಗ ಏನು ಒತ್ತಿದ್ರು ಅನ್ನೋ ಪಟ್ಟಿನ ಯಾರು ತೆಗೆದು ನೋಡ್ತಾರೆ? ಬೀದೀಲಿ ಹೋಗೋ ಮಾರೀನ ಮನೆಗೆ ಯಾಕೆ ಕರೀತೀಯ?"

ಶುಕ್ರವಾರ ಬೆಳಿಗ್ಗೆ ಮಗು ಬಾಟಲಿಯ ಹಾಲು ಕುಡಿಯುತ್ತಿತ್ತು. ಅದರ ತಣ್ಣನೆಯ ಹಣೆ ಮುಟ್ಟಿ ನೋಡಿದಳು. ಜ್ವರದ ನೆಪವೂ ಉಳಿದಿರಲಿಲ್ಲ. ಮ್ಯಾನೇಜರಿಗೆ ಫೋನ್ ಹಚ್ಚಿದಳು.

"ಸಾರ್, ಮಂಗಳವಾರದ ಪಟ್ಟಿ ತೆಗೆದು ನೋಡಿ. ಹನ್ನೊಂದು ನಲವತ್ತೆರಡಕ್ಕೆ. ಅಲ್ಲಿರೋದು ನನ್ನ ಹೆಸರು." ಉಸಿರು ಎಳೆದುಕೊಂಡಳು. "ಅಣ್ಣ ಎದುರಿಗೇ ಇದ್ರೆ ಸ್ಪೀಕರ್ ಹಾಕಿ ಸಾರ್. ಅವರೂ ಕೇಳಿಸ್ಕೊಳ್ಳಲಿ."