ಟಿವಿಯಲ್ಲಿ ಹೊಲಿಯುತ್ತಿದ್ದ ಗೆಳತಿ

ದುಬೈಯಲ್ಲಿ ಮದುಮಗಳ ಗೌನು ಹೊಲಿಯುವ ಒಂದು ಅಂಗಡಿಯ ಹಿಂಭಾಗದಲ್ಲಿ ನಾನು ಹಲವು ವರ್ಷ ಕೆಲಸ ಮಾಡಿದೆ. ನನ್ನ ಪಕ್ಕದ ಮೆಷಿನಿನಲ್ಲಿ ಕೂರುತ್ತಿದ್ದವಳು ಫಿಲಿಪೈನ್ಸಿನವಳು, ನನಗಿಂತ ಚಿಕ್ಕವಳು. ಮೊದಲ ದಿನ ಅವಳು ನನ್ನನ್ನು ‘ಆತೆ’ ಎಂದು ಕರೆದಾಗ, ಇಷ್ಟು ಬೇಗ ಅತ್ತೆ ಮಾಡಿಬಿಟ್ಟಳಲ್ಲ ಎಂದು ನನಗೆ ಸ್ವಲ್ಪ ಬೇಸರವಾಗಿತ್ತು. ಅವರ ಭಾಷೆಯಲ್ಲಿ ಅದು ಅಕ್ಕ ಎಂದು ಆಮೇಲೆ ತಿಳಿಯಿತು. ನಾವು ಒಂದೇ ಕೋಣೆಯಲ್ಲಿದ್ದೆವು. ನಾನು ಒಣಮೀನು ಹುರಿದರೆ ಉಳಿದವರು ಕಿಟಕಿ ತೆರೆಯುತ್ತಿದ್ದರು, ಅವಳು ತಟ್ಟೆ ತರುತ್ತಿದ್ದಳು.

ಅಂಗಡಿಯಲ್ಲಿ ಚಿತ್ರ ಬರೆಯುವವರು ಬೇರೆ, ಹೊಲಿಯುವವರು ನಾವು. ಕತ್ತು ಎಷ್ಟು ಇಳಿಯಬೇಕು, ಲೇಸು ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಕಾಗದದಲ್ಲಿಯೇ ಬರುತ್ತಿತ್ತು. ರಜೆಯ ದಿನ ಮಾತ್ರ ಅವಳು ಉಳಿದ ತುಂಡುಗಳಿಂದ ತನ್ನ ಊರಿನ ತೋಳು ಹೊಲಿಯುತ್ತಿದ್ದಳು. ಭುಜದ ಮೇಲೆ ಚಿಟ್ಟೆಯ ರೆಕ್ಕೆಯ ಹಾಗೆ ಗಟ್ಟಿಯಾಗಿ ಎದ್ದು ನಿಲ್ಲುವ ತೋಳು. ಅದನ್ನು ನನ್ನ ನೈಟಿಯ ಮೇಲೆ ಪಿನ್ನು ಹಾಕಿ ನಿಲ್ಲಿಸಿ, ದೂರ ಹೋಗಿ ನೋಡಿ ನಗುತ್ತಿದ್ದಳು.

ಊರಿನಲ್ಲಿ ನನ್ನ ಗಂಡನ ತಾಯಿ, ನಿಜವಾದ ಅತ್ತೆ, ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡಾಗ ನಾನು ನಮ್ಮ ಕಾಪುವಿಗೆ ಮರಳಿದೆ. ಅವರು ಕೋಲು ಹಿಡಿದು ನಡೆಯುವಷ್ಟಾದ ಮೇಲೆ ಪೇಟೆಯಲ್ಲಿ ಒಂದು ಮಹಡಿಯ ಮೇಲೆ ಹೊಲಿಗೆ ಅಂಗಡಿ ಇಟ್ಟೆ. ಇಗರ್ಜಿಯಲ್ಲಿ ಮದುವೆಯಾಗುವ ನಮ್ಮ ಕ್ರೈಸ್ತ ಹುಡುಗಿಯರು ಫೋನಿನಲ್ಲಿ ಫೋಟೋ ತೋರಿಸುತ್ತಾರೆ, ನಾನು ಅದರ ಹಾಗೆಯೇ ಹೊಲಿದುಕೊಡುತ್ತೇನೆ. ಗೆಳತಿಯೂ ಮುಂದೆ ತನ್ನ ಊರಿಗೆ ಹೋದಳು. ಭಾನುವಾರ ಒಂದು ಫೋನು ಮಾತ್ರ ತಪ್ಪಲಿಲ್ಲ.

ಕಳೆದ ವರ್ಷ ಅವಳಿಂದ ಒಂದು ಚಿತ್ರ ಬಂತು. ಸಾಲಾಗಿ ನಿಂತ ಹುಡುಗ ಹುಡುಗಿಯರ ನಡುವೆ ಇವಳೂ ನಿಂತಿದ್ದಳು. ಅವರ ದೇಶದ ವಸ್ತ್ರವಿನ್ಯಾಸಕರಿಗಾಗಿ ಟಿವಿಯಲ್ಲಿ ನಡೆಯುವ ಸ್ಪರ್ಧೆಯಂತೆ. ಪ್ರತಿ ವಾರ ಒಂದು ವಿಷಯ ಕೊಡುತ್ತಾರೆ, ಪ್ರತಿ ವಾರ ಒಬ್ಬರನ್ನು ಮನೆಗೆ ಕಳಿಸುತ್ತಾರೆ. ಮಣಿಪಾಲದಲ್ಲಿ ಓದುತ್ತಿರುವ ನನ್ನ ಮಗಳು ವಾರದ ಕೊನೆಗೆ ಮನೆಗೆ ಬರುವವಳು, ಅದನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿ ನಮ್ಮ ಟಿವಿಗೆ ಜೋಡಿಸಿದಳು. ಭಾನುವಾರ ಪೂಜೆ ಮುಗಿಸಿ ಬಂದು, ಊಟ ಮಾಡಿ, ಮೂರು ತಲೆಮಾರಿನವರು ಸೋಫಾದಲ್ಲಿ ಕೂರುವುದು ಅಭ್ಯಾಸವಾಯಿತು.

ಅವರು ಮಾತಾಡುವುದರಲ್ಲಿ ಅರ್ಧ ಇಂಗ್ಲಿಷ್, ಅರ್ಧ ಅವರದೇ ಭಾಷೆ.

“ನಿಮಗೆ ಅರ್ಥ ಆಗ್ತದಾ ಮಾಂಯ್?” ಎಂದು ಅತ್ತೆಯನ್ನು ಕೇಳಿದೆ.

“ಭಾಷೆ ಎಂತಕ್ಕೆ ಬಾಯೆ? ಬಟ್ಟೆ ಕಾಣ್ತದಲ್ಲ” ಎಂದರು.

ನಮ್ಮೆಲ್ಲರಿಗಿಂತ ಹೆಚ್ಚು ಗಮನ ಕೊಟ್ಟು ನೋಡಿದವರು ಅವರೇ. “ಆ ಹುಡುಗನ ಲಂಗದ ಅಂಚು ನೋಡು, ಒಂದು ಬದಿ ಇಳಿದಿದೆ. ಇವತ್ತು ಅವನನ್ನು ಕಳಿಸ್ಲಿಕ್ಕುಂಟು” ಎಂದರೆ ಹೆಚ್ಚಾಗಿ ಹಾಗೆಯೇ ಆಗುತ್ತಿತ್ತು. ನನ್ನ ಗೆಳತಿ ಪ್ರತಿ ವಾರ ಉಳಿದಳು. ಪ್ರತಿ ವಾರ ನಾನು, ಗೆಲ್ಲುವುದು ನೀನೇ ಎಂದು ಬರೆದು ಕಳಿಸುತ್ತಿದ್ದೆ. ಅವಳು ಒಂದು ನಗುವ ಮುಖ ಕಳಿಸುತ್ತಿದ್ದಳು.

ಒಂದು ದಿನ ಮಗಳು ಹೇಳಿದಳು, “ಮಮ್ಮಿ, ಇದೆಲ್ಲ ತಿಂಗಳುಗಳ ಹಿಂದೆಯೇ ಶೂಟ್ ಮಾಡಿ ಆಗಿರ್ತದೆ. ಆಂಟಿಗೆ ಎಲ್ಲ ಗೊತ್ತುಂಟು.”

ನನಗೆ ಅದು ಹೊಳೆದೇ ಇರಲಿಲ್ಲ. ಅತ್ತೆ ಕೂಡಲೇ, “ಹಾಗಾದ್ರೆ ಕೇಳು ಮಾರಾಯ್ತಿ, ಗೆದ್ದದ್ದಾ ಸೋತದ್ದಾ ಅಂತ” ಎಂದರು. ಆ ಭಾನುವಾರದ ಫೋನಿನಲ್ಲಿ ಕೇಳಿದೆ. “ಹೇಳುವ ಹಾಗಿಲ್ಲ ಆತೆ, ಸಹಿ ಹಾಕಿಸಿಕೊಂಡಿದ್ದಾರೆ” ಎಂದಳು.

“ನಾವು ಯಾರಿಗೆ ಹೇಳ್ತೇವೆ? ಕಾಪುವಿನಲ್ಲಿ ಅವಳ ಗುರ್ತ ಯಾರಿಗುಂಟು?” ಅತ್ತೆ ಪಕ್ಕದಿಂದ ಹೇಳಿದ್ದನ್ನು ಇಂಗ್ಲಿಷಿನಲ್ಲಿ ತಿಳಿಸಿದೆ. ಅವಳು ಬಹಳ ಹೊತ್ತು ನಕ್ಕಳು. ಆ ನಗುವಿನಲ್ಲಿ ಗೆಲುವೋ ಸೋಲೋ ಎಂದು ಕಿವಿಗೊಟ್ಟು ಹುಡುಕಿದೆ. ಸಿಗಲಿಲ್ಲ.

ಸ್ಪರ್ಧೆ ಮುಗಿಯುವ ಹೊತ್ತಿಗೆ ಕೆಲವರೇ ಉಳಿದಿದ್ದರು. ಆ ವಾರ ನಿಮ್ಮ ಸ್ವಂತದ್ದೊಂದು ಬಟ್ಟೆ ಮಾಡಿ ಎಂದರು. ಬೇರೆ ಯಾವ ನಿಯಮವೂ ಇಲ್ಲ. ಗೆಳತಿ ಮೇಜಿನ ಮುಂದೆ ಪೆನ್ಸಿಲ್ ಹಿಡಿದು ಸುಮ್ಮನೆ ಕುಳಿತಿದ್ದಳು. ಆಮೇಲೆ ಸಟಿನ್ ಬಟ್ಟೆ ತೆಗೆದು ಒಂದು ಬಿಳಿಯ ಗೌನು ಹೊಲಿದಳು. ರೂಪದರ್ಶಿ ಅದನ್ನು ಹಾಕಿ ನಡೆದು ಬಂದಾಗ ನನಗೆ ಗುರುತು ಸಿಕ್ಕಿತು. ಅದು ದುಬೈಯ ನಮ್ಮ ಅಂಗಡಿಯ ಗಾಜಿನ ಹಿಂದೆ ನಿಲ್ಲುತ್ತಿದ್ದ ಗೌನೇ ಆಗಿತ್ತು.

ತೀರ್ಪುಗಾರರಲ್ಲಿ ತಲೆ ನರೆತ ಒಬ್ಬ ಹೆಂಗಸು ಹೊಲಿಗೆಯನ್ನು ಮುಟ್ಟಿ ನೋಡಿದಳು. “ಇದರಲ್ಲಿ ಒಂದು ತಪ್ಪೂ ಇಲ್ಲ. ಆದರೆ ಇದರಲ್ಲಿ ನೀನೆಲ್ಲಿದ್ದೀ?” ಎಂದು ಕೇಳಿದಳು. ದನಿಯಲ್ಲಿ ಗಡಸು ಇರಲಿಲ್ಲ.

ಗೆಳತಿ ಹೇಳಿದಳು, “ಬೇರೆಯವರು ಬರೆದದ್ದನ್ನೇ ಇಷ್ಟು ವರ್ಷ ಹೊಲಿದೆ. ನಿನಗೇನು ಬೇಕು ಎಂದು ಕೇಳಿದಾಗ ಕೈ ಅಲ್ಲಿಗೇ ಹೋಯಿತು.”

ಅವಳನ್ನು ಮನೆಗೆ ಕಳಿಸಿದರು. ಅವಳು ಎಲ್ಲರನ್ನೂ ತಬ್ಬಿಕೊಂಡು, ತನ್ನ ಮೇಜಿನ ಮೇಲಿದ್ದ ದಾರದ ತುಣುಕುಗಳನ್ನು ಗುಡಿಸಿ ಬುಟ್ಟಿಗೆ ಹಾಕಿ ಹೊರಟಳು. ಅತ್ತೆ “ಕಣ್ಣುಂಟಾ ಇವರಿಗೆ?” ಎಂದು ಟಿವಿಗೆ ಬೆನ್ನು ತಿರುಗಿಸಿ ಕುಳಿತರು. ನಾನು ಎದ್ದು ಅಡುಗೆ ಕೋಣೆಗೆ ಹೋಗಿ ಚಹಾಕ್ಕೆ ನೀರಿಟ್ಟೆ. ಆ ನರೆತ ತಲೆಯ ಹೆಂಗಸು ನನ್ನನ್ನೂ ಅದನ್ನೇ ಕೇಳಿದ ಹಾಗೆ ಅನ್ನಿಸಿತ್ತು.

ಫೋನು ಮಾಡಿದಾಗ ಅವಳು ಊಟ ಮಾಡುತ್ತಿದ್ದಳು. ನಾನು ಅಳತೊಡಗಿದೆ, ಅವಳೇ ಸಮಾಧಾನ ಹೇಳಿದಳು.

“ಅಳಬೇಡ ಆತೆ. ನಾನು ಅತ್ತು ಮುಗಿಸಿ ಎಷ್ಟೋ ತಿಂಗಳಾಯಿತು.”

“ಮತ್ತೆ ನಾನು ಪ್ರತಿ ವಾರ ಬರೆದದ್ದು?”

“ಓದುವಾಗ ಖುಷಿಯಾಗುತ್ತಿತ್ತು. ಇನ್ನೂ ಗೆಲ್ಲಬಹುದೇನೋ ಎಂದು ನನಗೂ ಅನ್ನಿಸುತ್ತಿತ್ತು.”

ಊಟ ಮುಗಿಸಿ ಅವಳು ವಿಡಿಯೊ ಹಾಕಿ ಒಂದು ಅಂಗಿ ತೋರಿಸಿದಳು. ಮನೆಗೆ ಬಂದ ಮೇಲೆ ಕೆಲವು ದಿನ ಮೆಷಿನ್ ಮುಟ್ಟಲೇ ಇಲ್ಲವಂತೆ. ಆಮೇಲೆ ತನಗಾಗಿ ಹೊಲಿದುಕೊಂಡದ್ದಂತೆ ಇದು. ಅರಶಿನ ಬಣ್ಣದ ಹತ್ತಿ ಬಟ್ಟೆ, ಅವಳ ಊರಿನ ಎತ್ತರದ ತೋಳು.

“ಹೇಗುಂಟು?” ಎಂದು ಕೇಳಿದಳು. ‘ಉಂಟು’ ಎಂಬ ಮಾತನ್ನು ಅವಳು ನನ್ನಿಂದಲೇ ಕಲಿತಿದ್ದಳು.

“ಎಡ ಭುಜ ಭಾರವಾಗಿದೆ” ಎಂದೆ.

“ಗೊತ್ತು. ಬಿಚ್ಚುವುದಿಲ್ಲ” ಎಂದಳು.

ಅದಾಗಿ ಸ್ವಲ್ಪ ದಿನಕ್ಕೆ ಕಾರ್ಕಳದ ಒಬ್ಬಳು ಹುಡುಗಿ ತಾಯಿಯ ಜೊತೆ ಅಂಗಡಿಗೆ ಬಂದಳು. ಮೇ ತಿಂಗಳಲ್ಲಿ ಮದುವೆ. ಫೋನು ತೆಗೆದು ಫೋಟೋ ತೋರಿಸಿದಳು. ನಾನು ಅಳತೆಯ ಟೇಪು ಎತ್ತಿಕೊಂಡವಳು ತಡೆದು, “ಒಂದು ಗೌನು ನಾನೇ ಬರೆದು ತೋರಿಸ್ಲಾ?” ಎಂದೆ. ಬಾಯಿಯಿಂದ ಹೊರಟ ಮೇಲೆ ನನಗೇ ಹೆದರಿಕೆಯಾಯಿತು.

“ಎಂತಕ್ಕೆ? ಫೋಟೋ ಉಂಟಲ್ಲ” ಎಂದರು ತಾಯಿ.

“ಬರೀಲಿ ಅಮ್ಮ. ನೋಡುವ” ಎಂದಳು ಹುಡುಗಿ.

ಮನೆಯಲ್ಲಿ ಕಾಗದ ಹಿಡಿದು ಕುಳಿತರೆ ಬಂದ ಗೆರೆಗಳೆಲ್ಲ ದುಬೈಯವೇ. ಬರೆದದ್ದನ್ನು ಹರಿಯುತ್ತಿದ್ದೆ. ಅತ್ತೆ ಬೀನ್ಸ್ ಮುರಿಯುತ್ತ ನೋಡುತ್ತಿದ್ದವರು ಕೇಳಿದರು, “ನಿನ್ನ ಮದುವೆಗೆ ನಿನಗೆ ಎಂತದು ಬೇಕಿತ್ತು?”

ನನ್ನ ಮದುವೆಗೆ ಚಿಕ್ಕಮ್ಮನ ಮಗಳ ಗೌನು ಹಾಕಿದ್ದೆ. ಬೆವರಿಗೆ ಬೆನ್ನೆಲ್ಲ ತುರಿಸುತ್ತಿತ್ತು, ಕೈ ಎತ್ತಲು ಆಗುತ್ತಿರಲಿಲ್ಲ, ಕಣ್ಣೊರೆಸಲು ಕರವಸ್ತ್ರ ಇಡುವ ಜಾಗವಿರಲಿಲ್ಲ. ಅದನ್ನೇ ಅತ್ತೆಗೆ ಹೇಳಿದೆ. ಹೇಳುತ್ತ ಹೇಳುತ್ತ ಬರೆದೆ. ಸಟಿನ್ ಬದಲು ತೆಳ್ಳನೆಯ ಬಿಳಿ ಹತ್ತಿ ಬಟ್ಟೆ. ಕೈ ಎತ್ತಿದರೆ ಎಳೆಯದಂಥ ಗಿಡ್ಡ ತೋಳು. ಬದಿಯ ಹೊಲಿಗೆಯಲ್ಲಿ ಯಾರಿಗೂ ಕಾಣದ ಒಂದು ಕಿಸೆ. ಮಗಳನ್ನು ಕರೆದುಕೊಂಡು ಉಡುಪಿಗೆ ಹೋಗಿ, ಮೂರ್ನಾಲ್ಕು ಅಂಗಡಿ ಹತ್ತಿಳಿದು ಮಾದರಿಗೆ ಬಟ್ಟೆಯ ತುಂಡು ತಂದೆ.

ಹುಡುಗಿ ಚಿತ್ರ ನೋಡಿದವಳೇ ಒಪ್ಪಿದಳು. ತಾಯಿಗೆ ಸಮಾಧಾನವಾಗಲಿಲ್ಲ. “ಹೊಳೆಯುವುದೇ ಇಲ್ಲ ಅಲ್ವಾ?” ಎಂದರು. ಕೊನೆಗೆ ಸೊಂಟಕ್ಕೊಂದು ಸಟಿನ್ ಪಟ್ಟಿ ಎಂದು ಮಾತಾಯಿತು. ಹೊಲಿದ ಮೇಲೆ ನೋಡಿದರೆ, ಆ ಪಟ್ಟಿಯಿಂದ ಗೌನು ಇನ್ನಷ್ಟು ಚೆಂದವಾಗಿತ್ತು.

ಮದುವೆಗೆ ಅತ್ತೆಯನ್ನೂ ಕರೆದುಕೊಂಡು ಹೋದೆ. ಇಗರ್ಜಿಯಲ್ಲಿ ಸೆಕೆಗೆ ಎಲ್ಲರೂ ಆಮಂತ್ರಣ ಪತ್ರಿಕೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಮದುಮಗಳು ಅಪ್ಪನ ಕೈ ಬಿಡುವಾಗ ಕಣ್ಣು ತುಂಬಿ, ಕಿಸೆಯಿಂದ ಕರವಸ್ತ್ರ ತೆಗೆದು ಒರೆಸಿಕೊಂಡಳು. ಆಮೇಲೆ ಊಟದ ಹಾಲ್‌ನಲ್ಲಿ ಎರಡೂ ಕೈ ಎತ್ತಿ ಕುಣಿದಳು. ಅವಳ ತಾಯಿ ನಮ್ಮ ಪಕ್ಕದ ಮೇಜಿನವರಿಗೆ, “ಗೌನಿಗೆ ಕಿಸೆ ಉಂಟು, ಗೊತ್ತುಂಟಾ? ನಾವು ಹೇಳಿ ಮಾಡಿಸಿದ್ದು” ಎನ್ನುತ್ತಿದ್ದರು. ನಾನು ಐಸ್‌ಕ್ರೀಮ್ ತಿನ್ನುತ್ತ ಕೇಳಿಸಿಕೊಂಡೆ.

ಈಗಲೂ ಹೆಚ್ಚಿನವರು ಫೋಟೋ ತೋರಿಸುತ್ತಾರೆ, ನಾನು ಹಾಗೆಯೇ ಹೊಲಿಯುತ್ತೇನೆ. ಅದರಲ್ಲಿ ನನಗೆ ಬೇಸರವಿಲ್ಲ. ಅಪರೂಪಕ್ಕೆ ಒಬ್ಬಳು, “ನೀವೇ ಎಂತಾದ್ರೂ ಬರೀರಿ ಆಂಟಿ” ಎನ್ನುತ್ತಾಳೆ. ಆಗ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಅಳತೆ ತೆಗೆಯುವ ಮೊದಲು, ನಿನಗೆ ಸೆಕೆ ಹೆಚ್ಚಾ, ನಡಿಗೆ ಜೋರಾ, ಕುಣಿಯಲಿಕ್ಕುಂಟಾ ಎಂದು ಮಾತಾಡಿಸುತ್ತ ಕೂರುತ್ತೇನೆ.