ಗೋದಾವರಿ ತೀರದಿಂದ ಒಂದು ಪಾರ್ಸೆಲ್

ಏರಿಸಿದ ಹೂವು ಯಾವ ಊರಿನದೆಂದು ಕೇಳದೆ ಸ್ವೀಕರಿಸುವ ಸ್ವಾಮಿಗೆ ಮೊದಲು ನಮಸ್ಕಾರ.

ಸಿಂಗಾಪುರದ ಬುಕಿತ್ ಪಂಜಾಂಗಿನ ಕೊರಿಯರ್ ಅಂಗಡಿಯಲ್ಲಿ ವಿಳಾಸ ಪರಿಶೀಲಿಸುವುದು ನನ್ನ ಕೆಲಸ. ಒಂದು ಬೆಳಿಗ್ಗೆ ಚೀನೀ ಅಂಕಲ್ ಒಬ್ಬರು ಕೆಂಪು ಸ್ವೆಟರ್ ತಂದರು. ಚೀನಾದ ಹಳ್ಳಿಯಲ್ಲಿರುವ ಅವರ ಅಕ್ಕನಿಗೆ ಮುಂದಿನ ವಾರ ಎಂಬತ್ತು ತುಂಬುತ್ತದೆ, ಅಷ್ಟರೊಳಗೆ ತಲುಪಬೇಕು. ಅವರು ಬರೆದಿದ್ದ ಕೌಂಟಿ, ಅಂದರೆ ನಮ್ಮ ತಾಲೂಕಿನಂಥದ್ದು, ನನ್ನ ಕಂಪ್ಯೂಟರಿನಲ್ಲಿರಲಿಲ್ಲ.

“ಅಂಕಲ್, ಇಂಥ ಕೌಂಟಿ ಚೀನಾದಲ್ಲೇ ಇಲ್ಲ,” ಎಂದೆ, ಚೀನಾವನ್ನು ನಾನೇ ಅಳೆದು ಬಂದವನ ಹಾಗೆ.

“ಹಾಗಾದ್ರೆ ನಮ್ಮಕ್ಕ ಯಾವ ದೇಶದಲ್ಲಿದ್ದಾಳೆ, ಲಾ?” ಎಂದರು, ಇಲ್ಲಿಯವರು ಮಾತಿನ ಕೊನೆಗೆ ಅಂಟಿಸುವ ‘ಲಾ’ ಬಿಡದೆ.

ಅವರು ಫಾರ್ಮಿನ ಹಿಂದೆ ನಕ್ಷೆ ಬರೆದರು. ನಡುವೆ ನದಿ, ಈಚೆ ದಡದಲ್ಲಿ ಅವರ ಕೌಂಟಿ, ಆಚೆ ಇನ್ನೊಂದು. ಸರ್ಕಾರ ಎರಡನ್ನೂ ಸೇರಿಸಿ ಆಚೆಯದರ ಹೆಸರು ಉಳಿಸಿತಂತೆ.

“ಹೊಸ ಹೆಸರು ಮಾತ್ರ ಹಾಕೋಣ ಅಂಕಲ್.”

“ಬರೀ ಆಚೆ ದಡದವರ ಹೆಸರಿದ್ರೆ ಅಕ್ಕ ಪಾರ್ಸೆಲ್ ಮುಟ್ಟೋದೇ ಇಲ್ಲ. ಹಳೇದೂ ಇರಲಿ.”

“ಇಲ್ಲದ ಜಾಗದ ಹೆಸರಿದ್ರೆ ವಾಪಸ್ ಬರುತ್ತೆ.”

ಅವರು ನನ್ನ ಹಣೆಯ ಗಂಧ ನೋಡಿದರು. “ನಾವು ದೇವರ ಮುಂದೆ ಹೆಸರು, ಅಡ್ರೆಸ್ ಹೇಳಿ ಬೇಡ್ಕೋತೀವಿ. ನೀವು?”

ಸುಳ್ಳು ಹೇಳಲಾಗದೆ ಇದ್ದದ್ದನ್ನೇ ಹೇಳಿದೆ. ದಿನವೂ ಪೂಜೆಯ ಸಂಕಲ್ಪದಲ್ಲಿ, ಊರಲ್ಲಿ ಕಲಿತ ಹಾಗೇ, ನಾನಿರುವುದು ಗೋದಾವರಿಯ ದಕ್ಷಿಣ ತೀರದಲ್ಲಿ ಎಂದು ಹೇಳುತ್ತೇನೆ. ಕೂತಿರುವುದು ಸಿಂಗಾಪುರದ ಹನ್ನೆರಡನೇ ಮಹಡಿಯಲ್ಲಿ, ವಾಷಿಂಗ್ ಮೆಷಿನ್ ಪಕ್ಕ.

ಅಂಕಲ್ ಕೌಂಟರ್ ಬಡಿದು ನಕ್ಕರು. “ನಿಮ್ಮ ಪೂಜೆನ ದೇವರು ವಾಪಸ್ ಕಳಿಸಿದ್ದಾನಾ?”

ತೆಪ್ಪಗೆ ಎರಡೂ ಹೆಸರು ಬರೆದೆ. ಮುಂದಿನ ವಾರ ಅಂಕಲ್ ಫೋಟೊ ತೋರಿಸಿದರು. ಕೆಂಪು ಸ್ವೆಟರ್ ತೊಟ್ಟ ಅಜ್ಜಿ ಇಲ್ಲದ ಕೌಂಟಿಯಲ್ಲಿ ಕೂತು ನಗುತ್ತಿದ್ದರು.

ನಾನಂತೂ ಇನ್ನೂ ಗೋದಾವರಿ ತೀರದಲ್ಲೇ ಇದ್ದೇನೆ. ಇದನ್ನು ಕೇಳಿದ ನಿಮ್ಮೆಲ್ಲರನ್ನೂ, ಎಲ್ಲೇ ಇರಿ, ಆ ಸ್ವಾಮಿ ಹುಡುಕಿಕೊಂಡು ಬಂದು ಕಾಯಲಿ.